ಕೂತಲ್ಲಿಂದ ಏಳುವ ಶಕ್ತಿ

ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗಿನ ಹೊತ್ತು ನಿಂತರೆ ಮೈಸೂರಿನ ನಿವೃತ್ತರೆಲ್ಲ ಅಲ್ಲೇ ಸೇರಿದ್ದಾರೇನೋ ಅನ್ನಿಸುತ್ತದೆ. ಮಫ್ಲರು, ಸ್ವೆಟರು, ಕ್ಯಾನ್ವಾಸ್ ಶೂ. ಎಪ್ಪತ್ತೈದರ ಆಸುಪಾಸಿನವರು ಪೆನ್ಷನ್ನು, ಮೊಮ್ಮಕ್ಕಳು, ರಾಜಕೀಯ ಎಲ್ಲವನ್ನೂ ಮಾತಾಡಿಕೊಂಡೇ ಒಂದು ಸುತ್ತು ಮುಗಿಸುತ್ತಾರೆ. ಏದುಸಿರಿಲ್ಲ, ಹೆಜ್ಜೆ ತಪ್ಪುವುದಿಲ್ಲ. ಆಮೇಲೆ ಬೆಂಚಿನ ಮೇಲೆ ಹತ್ತು ನಿಮಿಷ ಕೂರುತ್ತಾರೆ. ಮನಸ್ಸಿಗೆ ಚುಚ್ಚುವುದು ಅವರು ಏಳುವ ಹೊತ್ತು. ಎರಡೂ ಕೈಯನ್ನು ತೊಡೆಯ ಮೇಲೆ ಊರಿ, ಮೈಯನ್ನು ಹಿಂದಕ್ಕೂ ಮುಂದಕ್ಕೂ ತೂಗಿ, ಅರ್ಧ ಎದ್ದು, ಮತ್ತೆ ದೊಪ್ಪನೆ ಕೂರುತ್ತಾರೆ. ಕೊನೆಗೆ ಪಕ್ಕದವರು ರಟ್ಟೆ ಹಿಡಿದು ಎಬ್ಬಿಸಬೇಕು. ಎದ್ದ ಮೇಲೆ ಮತ್ತೆ ಅದೇ ಸಲೀಸಾದ ನಡಿಗೆ. ವರ್ಷಗಟ್ಟಲೆ ಒಂದು ದಿನವೂ ತಪ್ಪಿಸದೆ ನಡೆದವರಿಗೆ ಹೀಗೇಕಾಗುತ್ತದೆ?

ನಡೆಯುವುದಕ್ಕೆ ಬೇಕಾದ ಶಕ್ತಿ ಬೇರೆ, ಏಳುವುದಕ್ಕೆ ಬೇಕಾದದ್ದು ಬೇರೆ. ನಮ್ಮ ಮಾಂಸಖಂಡಗಳಲ್ಲಿ ಎರಡು ಬಗೆಯ ಎಳೆಗಳಿವೆ. ಒಂದು ಬಗೆ ನಿಧಾನವಾಗಿ, ದಣಿಯದೆ, ಗಂಟೆಗಟ್ಟಲೆ ಕೆಲಸ ಮಾಡುತ್ತದೆ. ಇನ್ನೊಂದು ಬಗೆ ಬೇಗ ದಣಿಯುತ್ತದೆ, ಆದರೆ ಒಂದೇ ಸಲಕ್ಕೆ ಹೆಚ್ಚು ಬಲ ಹಾಕುತ್ತದೆ. ಸಮನೆಲದ ಮೇಲಿನ ನಡಿಗೆಗೆ ಮೊದಲನೆಯದೇ ಸಾಕು. ಇಡೀ ಮೈಭಾರವನ್ನು ಮೇಲಕ್ಕೆತ್ತಲು, ಎಡವಿದಾಗ ಕ್ಷಣದಲ್ಲಿ ಕಾಲು ಮುಂದಿಟ್ಟು ಸಾವರಿಸಿಕೊಳ್ಳಲು ಎರಡನೆಯದು ಬೇಕು. ವಯಸ್ಸಾದಂತೆ ಸೊರಗುವುದರಲ್ಲಿ ಈ ಎರಡನೆಯದೇ ಮುಂದು. ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ಶೇ. 3ರಿಂದ 8ರಷ್ಟು ಮಾಂಸಖಂಡ ಕರಗುತ್ತದೆ, ಅರವತ್ತರ ನಂತರ ಇನ್ನೂ ಬೇಗ. ಗಾತ್ರಕ್ಕಿಂತ ಬಲ ಬೇಗ ಇಳಿಯುತ್ತದೆ. ಹಾಗಾಗಿ ಕನ್ನಡಿಯಲ್ಲಿ ಕಾಲು ಸಣ್ಣಗಾದಂತೆ ಕಾಣುವಷ್ಟರಲ್ಲಿ ಶಕ್ತಿ ಎಷ್ಟೋ ಹೋಗಿರುತ್ತದೆ.

ವಾಕಿಂಗ್ ಬಿಡಿ ಎಂದು ಇಲ್ಲಿ ಯಾರೂ ಹೇಳುತ್ತಿಲ್ಲ. "ನಾನು ದಿನಾ ವಾಕಿಂಗ್ ಹೋಗ್ತೀನಲ್ಲ, ಇನ್ನೇನು ಬೇಕು?" ಅನ್ನುವ ನೆಮ್ಮದಿಯ ಬಗ್ಗೆ ಮಾತ್ರ ಈ ಬರಹ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಲ್ಲಿ 65 ದಾಟಿದವರಿಗೆ ಮೂರು ಮಾತುಗಳಿವೆ: ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ವೇಗದ ಚಟುವಟಿಕೆ, ವಾರಕ್ಕೆ ಕನಿಷ್ಠ 2 ದಿನ ಮಾಂಸಖಂಡ ಬಲಪಡಿಸುವ ವ್ಯಾಯಾಮ, ಕನಿಷ್ಠ 3 ದಿನ ಸಮತೋಲನದ ಅಭ್ಯಾಸ. ನಮ್ಮ ಊರಿನ ಪಾರ್ಕುಗಳಲ್ಲಿ ಮೊದಲನೆಯದು ಚೆನ್ನಾಗಿಯೇ ನಡೆಯುತ್ತಿದೆ. ಉಳಿದೆರಡು ಹೆಚ್ಚಿನವರ ಕಿವಿಗೇ ಬಿದ್ದಿಲ್ಲ.

ಹಳ್ಳಿಯ ಜಗಲಿಯಿಂದ ಸೋಫಾಗೆ

ಮದ್ದೂರಿನ ಕಡೆಯ ಒಂದು ಹಳ್ಳಿಯ ಮನೆ. ಎಪ್ಪತ್ತೆರಡರ ಅಜ್ಜಿ ಕೋಳಿ ಕೂಗುವ ಹೊತ್ತಿಗೆ ಎದ್ದು ಬಾಗಿಲಿಗೆ ನೀರು ಹಾಕಿ, ಕುಕ್ಕರಗಾಲಲ್ಲಿ ಕೂತು ರಂಗೋಲಿ ಬಿಡುತ್ತಾರೆ. ಹಿತ್ತಲಿಗೆ ಹೋಗಿ ಸೌದೆ ತಂದು ಒಲೆಯ ಮುಂದೆ ಕೂರುತ್ತಾರೆ. ಮುದ್ದೆ ತೊಳೆಸುತ್ತಾರೆ, ಎಂದರೆ ಭುಜ, ಬೆನ್ನು, ಕಾಲು ಮೂರೂ ಸೇರಿ ಮಾಡುವ ಕೆಲಸ. ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಾರೆ, ಯಾರೋ ಕರೆದರೆ ಏಳುತ್ತಾರೆ, ಮತ್ತೆ ಕೂರುತ್ತಾರೆ. ಉಂಡು, ಮಲಗಿ, ಏಳುವುದೆಲ್ಲ ನೆಲದ ಮೇಲೆ. ಬೆಳಗಿನಿಂದ ರಾತ್ರಿಯ ತನಕ ಎಣಿಸುತ್ತಾ ಹೋದರೆ ನೆಲದಿಂದ ಮೂವತ್ತು ಸಲವಾದರೂ ಎದ್ದಿರುತ್ತಾರೆ. ಅದಕ್ಕೆ ವ್ಯಾಯಾಮ ಎಂಬ ಹೆಸರು ಯಾರೂ ಕೊಡಲಿಲ್ಲ.

ಅಜ್ಜ ತೀರಿಕೊಂಡ ಮೇಲೆ ಮಗ ಮೈಸೂರಿಗೆ ಕರೆತರುತ್ತಾನೆ. ಪ್ರೀತಿಯಿಂದಲೇ. ಇಲ್ಲಿ ಗ್ಯಾಸ್ ಕಟ್ಟೆ ಸೊಂಟದೆತ್ತರಕ್ಕಿದೆ, ಊಟಕ್ಕೆ ಟೇಬಲ್ಲು, ಮಲಗಲು ಮಂಚ, ಕಕ್ಕಸಿಗೆ ಕಮೋಡು. ಇಡೀ ದಿನ ಕೂರಲು ಮೆತ್ತಗೆ ಒಳಕ್ಕೆ ಕುಸಿಯುವ ಸೋಫಾ. ಏನಾದರೂ ತರಲು ಹೊರಟರೆ "ನೀ ಕುಂತ್ಕೊ ಅವ್ವಾ, ನಾನ್ ತಂದ್ಕೊಡ್ತೀನಿ." ಸೊಸೆಯೂ ಅದನ್ನೇ ಹೇಳುತ್ತಾಳೆ: "ನೀವು ಯಾಕೆ ಏಳೋಕ್ ಹೋಗ್ತೀರ ಅತ್ತೆ?" ದಿನಕ್ಕೆ ಮೂವತ್ತು ಸಲ ನೆಲದಿಂದ ಎತ್ತುತ್ತಿದ್ದ ಮೈ ಈಗ ಏಳೆಂಟು ಸಲ, ಅದೂ ಎತ್ತರದ ಆಸನದಿಂದ, ಕೈಯೂರಿ. ಒಂದೂವರೆ ವರ್ಷಕ್ಕೆ ಸೋಫಾದಿಂದ ಏಳಲು ಮೊಮ್ಮಗನ ಕೈ ಬೇಕಾಗುತ್ತದೆ. "ವಯಸ್ಸಾಯ್ತಲ್ಲ" ಎಂದು ಎಲ್ಲರೂ ಒಪ್ಪಿಕೊಂಡುಬಿಡುತ್ತಾರೆ. ಆ ಒಂದೂವರೆ ವರ್ಷದಲ್ಲಿ ವಯಸ್ಸು ಹೆಚ್ಚಾದದ್ದು ಒಂದೂವರೆ ವರ್ಷ ಮಾತ್ರ. ಉಳಿದದ್ದನ್ನು ಕಿತ್ತುಕೊಂಡದ್ದು ಕೂತೇ ಕಳೆದ ದಿನಗಳು.

ಇದು ಎಷ್ಟು ಬೇಗ ಆಗುತ್ತದೆ ಎಂಬುದಕ್ಕೆ ಅಮೆರಿಕದಲ್ಲಿ ನಡೆದು 2007ರಲ್ಲಿ ಪ್ರಕಟವಾದ ಒಂದು ಅಧ್ಯಯನವಿದೆ. ಅರವತ್ತು ದಾಟಿದ, ಯಾವ ಕಾಯಿಲೆಯೂ ಇಲ್ಲದವರನ್ನು 10 ದಿನ ಹಾಸಿಗೆಯಲ್ಲೇ ಮಲಗಿಸಿದರು. ಅಷ್ಟರಲ್ಲೇ ಕಾಲುಗಳಿಂದ ಹತ್ತಿರ ಹತ್ತಿರ 1 ಕಿಲೋ ಮಾಂಸಖಂಡ ಹೋಗಿತ್ತು. ಜ್ವರಕ್ಕೋ ಕಣ್ಣಿನ ಆಪರೇಷನ್ನಿಗೋ "ಹದಿನೈದು ದಿನ ಅಲ್ಲಾಡಬೇಡಿ" ಎಂದು ಮನೆಯವರೇ ಕಟ್ಟಪ್ಪಣೆ ಮಾಡುವ ಮುಂಚೆ, ಎಷ್ಟು ಅಲ್ಲಾಡಬಹುದು ಎಂದು ಡಾಕ್ಟರನ್ನು ಕೇಳಿ ತಿಳಿದುಕೊಳ್ಳಬೇಕು.

ಹಾಗೆಂದು ಹಳ್ಳಿಯ ದುಡಿಮೆಯೆಲ್ಲ ಮೈಗೆ ಒಳ್ಳೆಯದು ಎನ್ನಲಾಗದು. ದಿನವಿಡೀ ಬಗ್ಗಿ ಭತ್ತದ ನಾಟಿ ಹಾಕಿದ ಸೊಂಟ, ಕಬ್ಬಿನ ಹೊರೆ ಹೊತ್ತ ಕುತ್ತಿಗೆ ಏನಾಗುತ್ತದೆ ಎಂಬುದನ್ನು ಮಂಡ್ಯದ ಯಾವ ಊರಿನಲ್ಲಾದರೂ ಕಾಣಬಹುದು. ಒಂದೇ ಭಂಗಿಯಲ್ಲಿ, ಬಿಡುವಿಲ್ಲದೆ, ಇನ್ನೊಬ್ಬರು ಹೇಳಿದಷ್ಟು ಮಾಡಬೇಕಾದ ಕೆಲಸ ಅದು. ವ್ಯಾಯಾಮದಲ್ಲಿ ಭಾರ, ಎಣಿಕೆ, ವಿಶ್ರಾಂತಿ ಮೂರೂ ನಮ್ಮ ಕೈಯಲ್ಲಿರುತ್ತವೆ.

ಮೂವತ್ತು ಸೆಕೆಂಡಿನ ಲೆಕ್ಕ

ಕಾಲಿನ ಬಲ ಎಷ್ಟಿದೆ ಎಂದು ತಿಳಿಯಲು ಯಾವ ಯಂತ್ರವೂ ಬೇಡ. ಕೈಗಳಿಲ್ಲದ, ಗಟ್ಟಿ ಕೂರುವ ಹಲಗೆಯಿರುವ ಕುರ್ಚಿ ತನ್ನಿ. ನೆಲದಿಂದ ಹಲಗೆಯ ಎತ್ತರ 17 ಇಂಚು, ಅಂದರೆ ಸುಮಾರು 43 ಸೆಂ.ಮೀ. ಇರಬೇಕು. ಪ್ಲಾಸ್ಟಿಕ್ ಕುರ್ಚಿಯಾದರೆ ಟೈಲ್ಸ್ ಮೇಲೆ ಜಾರುತ್ತದೆ, ಗೋಡೆಗೆ ಒರಗಿಸಿಯೇ ಇಡಿ. ನಡುವಿಗೆ ಕೂತು, ಪಾದ ಪೂರ್ತಿ ನೆಲಕ್ಕೆ ಊರಿ, ಎರಡೂ ಕೈಯನ್ನು ಎದೆಯ ಮೇಲೆ ಅಡ್ಡ ಕಟ್ಟಿಕೊಳ್ಳಿ. ಪಕ್ಕದಲ್ಲಿ ಒಬ್ಬರು ಗಡಿಯಾರ ನೋಡುತ್ತಾ ನಿಂತಿರಲಿ. 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ನಿಂತು ಪೂರ್ತಿ ಕೂತಿರಿ ಎಂದು ಎಣಿಸಬೇಕು. ಸಮಯ ಮುಗಿದಾಗ ಅರ್ಧಕ್ಕಿಂತ ಹೆಚ್ಚು ಎದ್ದಿದ್ದರೆ ಅದನ್ನೂ ಒಂದೆಂದು ಲೆಕ್ಕಕ್ಕೆ ಹಿಡಿಯಬಹುದು. ಕೈ ಊರಿದರೆ ಮಾತ್ರ ಲೆಕ್ಕ ಸೊನ್ನೆ.

65ರಿಂದ 69ರ ಗಂಡಸರು 12, ಹೆಂಗಸರು 11 ಸಲವಾದರೂ ಏಳಬೇಕು. 75ರಿಂದ 79ಕ್ಕೆ ಇದು 11 ಮತ್ತು 10, 80ರಿಂದ 84ಕ್ಕೆ 10 ಮತ್ತು 9. ಇದಕ್ಕಿಂತ ಕಡಿಮೆ ಬಂದರೆ ಬೀಳುವ ಅಪಾಯ ಹೆಚ್ಚಿದೆ ಎಂದು ತಿಳಿಯಬೇಕು. ಕೆರೆ ಸುತ್ತುವವರಲ್ಲಿ ಎಷ್ಟೋ ಜನ ಏಳೆಂಟಕ್ಕೇ ನಿಲ್ಲುತ್ತಾರೆ ಮತ್ತು ನಿಜಕ್ಕೂ ಬೆಚ್ಚಿಬೀಳುತ್ತಾರೆ. ಆ ಸಂಖ್ಯೆಯನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಎರಡು ತಿಂಗಳ ನಂತರ ಬೇಕಾಗುತ್ತದೆ.

ಗರಡಿಯ ಬಸ್ಕಿ, ಅಡುಗೆಮನೆಯ ಕಟ್ಟೆ

ಗರಡಿಮನೆಗಳ ಊರಾದ ಮೈಸೂರಿಗೆ ಬಸ್ಕಿ ಹೊಸದಲ್ಲ. ಏಳುವ ಶಕ್ತಿಗೆ ಅದಕ್ಕಿಂತ ಒಳ್ಳೆಯ ಸಾಧನೆ ಇನ್ನೊಂದಿಲ್ಲ. ಎಪ್ಪತ್ತರ ಮಂಡಿಗೆ ಅದನ್ನು ಕುರ್ಚಿಯ ಮೇಲೆ ಮಾಡಬೇಕು, ಅಷ್ಟೆ. ಕುರ್ಚಿಯ ಅಂಚಿನ ಕಡೆಗೆ ಜರುಗಿ ಕೂರಿ. ಪಾದಗಳು ಭುಜದಷ್ಟು ಅಗಲಕ್ಕಿರಲಿ, ಹಿಮ್ಮಡಿ ಮಂಡಿಗಿಂತ ಸ್ವಲ್ಪ ಹಿಂದಿರಲಿ. ಮೂಗು ಕಾಲ್ಬೆರಳಿನ ನೇರಕ್ಕೆ ಬರುವ ತನಕ ಸೊಂಟದಿಂದ ಮುಂದಕ್ಕೆ ಬಾಗಿ, ಉಸಿರು ಬಿಡುತ್ತಾ ಏಳಿ. ಏಳುವುದು ಚುರುಕಾಗಿ, ಒಂದು ಸೆಕೆಂಡಿನಲ್ಲಿ. ಕೂರುವುದು ನಿಧಾನವಾಗಿ, ಮನಸ್ಸಿನಲ್ಲೇ ನಾಲ್ಕು ಎಣಿಸುತ್ತಾ. ಚುರುಕಾಗಿ ಏಳುವಾಗ ಆ ವೇಗದ ಎಳೆಗಳಿಗೆ ಕೆಲಸ ಬೀಳುತ್ತದೆ. ನಿಧಾನವಾಗಿ ಕೂರುವಾಗ ತೊಡೆಯ ಮುಂಭಾಗ ಭಾರ ತಡೆಯುವುದನ್ನು ಕಲಿಯುತ್ತದೆ, ಮೆಟ್ಟಿಲು ಇಳಿಯುವಾಗ ಬೇಕಾದದ್ದು ಇದೇ. ಎಂಟರಿಂದ ಹತ್ತು ಸಲ, ಎರಡು ನಿಮಿಷ ಬಿಡುವು, ಮತ್ತೆ ಎಂಟರಿಂದ ಹತ್ತು. ದಿನ ಬಿಟ್ಟು ದಿನ ಮಾಡಿದರೆ ಸಾಕು, ನಡುವಿನ ದಿನದಲ್ಲಿ ಮಾಂಸಖಂಡ ದುರಸ್ತಿಯಾಗುತ್ತದೆ.

ತಪ್ಪುವುದು ಎಲ್ಲಿ? ಪಾದವನ್ನು ತೀರಾ ಮುಂದಿಟ್ಟರೆ ಎಷ್ಟು ತಿಣುಕಿದರೂ ಏಳಲಾಗುವುದಿಲ್ಲ, ಏಕೆಂದರೆ ಮೈಭಾರ ಪಾದದ ಮೇಲೆ ಬರುವುದೇ ಇಲ್ಲ. ಕೆರೆಯ ಬೆಂಚಿನ ಮೇಲೆ ತೂಗುವವರಲ್ಲಿ ಅನೇಕರ ತಪ್ಪು ಇಷ್ಟೇ, ತಿದ್ದಿದ ದಿನವೇ ಅರ್ಧ ಕಷ್ಟ ಇಳಿಯುತ್ತದೆ. ಮಂಡಿಗಳು ಒಳಕ್ಕೆ ವಾಲಿ ಒಂದಕ್ಕೊಂದು ತಾಗುವಂತಾದರೆ ನೋವು ಬರುತ್ತದೆ. ಮಂಡಿ ಎರಡನೇ ಬೆರಳಿನ ನೇರಕ್ಕೆ ನಿಲ್ಲಬೇಕು. ಉಸಿರು ಬಿಗಿಹಿಡಿದರೆ ಬೀಪಿ ಸರ್ರನೆ ಏರುತ್ತದೆ, ಅದಕ್ಕೇ ಏಳುವಾಗ ಗಟ್ಟಿಯಾಗಿ ಎಣಿಸುವುದು ಒಳ್ಳೆಯ ಉಪಾಯ. ಒಂದು ಸಲವೂ ಕೈಯೂರದೆ ಏಳಲಾಗದವರು ಕುರ್ಚಿಯ ಮೇಲೆ ಎರಡು ಗಟ್ಟಿ ದಿಂಬು ಅಥವಾ ಮಡಿಸಿದ ಜಮಖಾನ ಹಾಕಿ ಎತ್ತರಿಸಿಕೊಳ್ಳಲಿ. ಹನ್ನೆರಡು ಸಲ ಸಲೀಸಾದಾಗ ಒಂದು ಮಡಿಕೆ ತೆಗೆಯಲಿ. ಬರಿಯ ಕುರ್ಚಿಯೂ ಸಲೀಸಾದವರು ಒಂದೊಂದು ಲೀಟರಿನ ಎರಡು ನೀರಿನ ಬಾಟಲಿ ಹಿಡಿದು ಏಳಲಿ, ಅಲ್ಲಿಗೆ 2 ಕಿಲೋ ಆಯಿತು. ಕೊನೆಯ ಎರಡು ಸಲ ಕಷ್ಟ ಅನ್ನಿಸಲೇಬೇಕು. ಕಷ್ಟವೇ ಅನ್ನಿಸದ ಬಸ್ಕಿಯಿಂದ ಬಲ ಬರುವುದಿಲ್ಲ. ವರ್ಷವಿಡೀ ಅದೇ ಹತ್ತರಲ್ಲೇ ನಿಲ್ಲುವುದು ಎಲ್ಲಕ್ಕಿಂತ ದೊಡ್ಡ ತಪ್ಪು.

"ಈ ವಯಸ್ಸಿನಲ್ಲಿ ಇನ್ನೇನು ಬಲ ಬಂದೀತು" ಎನ್ನುವವರಿಗೆ ಬಾಸ್ಟನ್ನಿನ ಒಂದು ಪ್ರಯೋಗವನ್ನು ಹೇಳಬೇಕು. 1990ರಲ್ಲಿ ಪ್ರಕಟವಾದ ಅದರಲ್ಲಿ ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು ವೃದ್ಧರ ಆರೈಕೆ ಕೇಂದ್ರವೊಂದರ 10 ಜನರಿಗೆ, ಅವರ ಶಕ್ತಿಗೆ ತಕ್ಕ ಗಟ್ಟಿ ಭಾರವನ್ನೇ ಕಾಲಿನಿಂದ ಎತ್ತಿಸಿದರು. ವಯಸ್ಸು 86ರಿಂದ 96. ಎಂಟು ವಾರ ಪೂರೈಸಿದವರ ತೊಡೆಯ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತು. ಇಬ್ಬರು ಊರುಗೋಲು ಬಿಟ್ಟರು. ಕೈಯೂರದೆ ಕುರ್ಚಿಯಿಂದ ಏಳಲಾಗದಿದ್ದ ಮೂವರಲ್ಲಿ ಒಬ್ಬರು ಎದ್ದರು. ಉಳಿದಿಬ್ಬರು ಏಳಲಿಲ್ಲ ಎಂಬುದನ್ನೂ ಹೇಳಬೇಕು, ಆದರೆ ತೊಂಬತ್ತರ ಮಾಂಸಖಂಡವೂ ಕೆಲಸ ಕೊಟ್ಟರೆ ಬೆಳೆಯುತ್ತದೆ ಎಂಬುದರಲ್ಲಿ ಅಲ್ಲಿಂದಾಚೆಗೆ ಅನುಮಾನ ಉಳಿದಿಲ್ಲ.

ಉಳಿದ ಮೂರು ಅಭ್ಯಾಸಗಳಿಗೆ ಅಡುಗೆಮನೆಯ ಕಟ್ಟೆಯೇ ಸಾಕು. ಹಾಲು ಕಾಯುವ ತನಕ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸಿ, ಹದಿನೈದು ಸಲ, ಮೀನಖಂಡ ಗಟ್ಟಿಯಾಗುತ್ತದೆ. ಆಮೇಲೆ ಹಿಮ್ಮಡಿ ಊರಿ ಮುಂಗಾಲು ಎತ್ತಿ. ಹೊಸಲಿಗೆ, ಚಾಪೆಯ ಅಂಚಿಗೆ ಎಡವುವವರಿಗೆ ಮುಖ್ಯವಾಗಿ ಇದು ಬೇಕು, ಪಾದ ಎತ್ತುವ, ಮಂಡಿಯ ಕೆಳಗೆ ಕಾಲಿನ ಮುಂಭಾಗದಲ್ಲಿರುವ ಸ್ನಾಯು ಅವರಲ್ಲಿ ಸೋತಿರುತ್ತದೆ. ಮೂರನೆಯದು, ಕಟ್ಟೆಯ ಉದ್ದಕ್ಕೂ ಏಡಿಯಂತೆ ಅಡ್ಡಡ್ಡ ಹೆಜ್ಜೆ, ಆ ಕಡೆ ಹತ್ತು, ಈ ಕಡೆ ಹತ್ತು. ನಡೆಯುವಾಗ ಮೈ ಪಕ್ಕಕ್ಕೆ ವಾಲದಂತೆ ಹಿಡಿಯುವ ಸೊಂಟದ ಬದಿಯ ಸ್ನಾಯುಗಳಿಗೆ ಕೆರೆ ಸುತ್ತುವುದರಿಂದ ಇಷ್ಟು ಕೆಲಸ ಸಿಗುವುದಿಲ್ಲ.

ಸಮತೋಲನಕ್ಕೆ ಮನೆಯ ಒಂದು ಮೂಲೆ ಆರಿಸಿಕೊಳ್ಳಿ. ಹಿಂದೆ ಎರಡು ಗೋಡೆ, ಮುಂದೆ ಕುರ್ಚಿಯ ಬೆನ್ನು. ಮೊದಲು ಎರಡೂ ಪಾದ ಜೋಡಿಸಿ 10 ಸೆಕೆಂಡು ನಿಲ್ಲಿ. ಆಮೇಲೆ ಒಂದು ಪಾದ ಅರ್ಧ ಮುಂದೆ. ಆಮೇಲೆ ಒಂದರ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗುವಂತೆ ಒಂದೇ ಗೆರೆಯಲ್ಲಿ. ಕೊನೆಗೆ ಒಂಟಿಗಾಲು. ಮೂರನೆಯದರಲ್ಲಿ 10 ಸೆಕೆಂಡು ನಿಲ್ಲಲಾಗದವರು ಬೀಳುವ ಅಪಾಯದಲ್ಲಿದ್ದಾರೆ. ಅವರು ಎರಡನೆಯ ಹಂತದಲ್ಲೇ ದಿನಾ ಅಭ್ಯಾಸ ಮಾಡಲಿ. ಒದ್ದೆ ನೆಲದಲ್ಲಿ ಬೇಡ, ಸಾಕ್ಸ್ ಹಾಕಿಕೊಂಡಂತೂ ಬೇಡವೇ ಬೇಡ. ಇಂಥ ವ್ಯಾಯಾಮಗಳು ಬೀಳುವ ಪ್ರಮಾಣವನ್ನು ಸುಮಾರು ಕಾಲುಭಾಗದಷ್ಟು ತಗ್ಗಿಸುತ್ತವೆ ಎಂದು ನೂರಕ್ಕೂ ಹೆಚ್ಚು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ 2019ರ ವರದಿ ಹೇಳುತ್ತದೆ. ಎಪ್ಪತ್ತೈದರಲ್ಲಿ ಸೊಂಟ ಮುರಿದ ಮೇಲೆ ಒಂದು ಮನೆಯ ದಿನಚರಿ ಹೇಗೆ ಬದಲಾಗುತ್ತದೆ ಎಂದು ಕಂಡವರಿಗೆ ಆ ಕಾಲುಭಾಗ ಸಣ್ಣದಾಗಿ ಕಾಣದು.

ಯೋಗದ ಮಾತೂ ಬರಲೇಬೇಕು, ಇದು ಮೈಸೂರು. ಇಲ್ಲಿ ಯೋಗಗುರು ಕೃಷ್ಣಮಾಚಾರ್ಯರ ಬಳಿ ಕಲಿತ ಬಿ.ಕೆ.ಎಸ್. ಅಯ್ಯಂಗಾರ್ ಮುಂದೆ ಕುರ್ಚಿ, ಹಗ್ಗ, ಮರದ ದಿಮ್ಮಿಗಳ ಆಸರೆಯಿಂದ ವಯಸ್ಸಾದವರೂ ಆಸನ ಮಾಡುವ ದಾರಿ ತೋರಿದರು. ನಿಂತು ಮಾಡುವ ತ್ರಿಕೋನಾಸನ, ವೀರಭದ್ರಾಸನ ಕಾಲಿಗೆ ಒಳ್ಳೆಯ ಕೆಲಸ ಕೊಡುತ್ತವೆ. ಆದರೆ ಎಷ್ಟೋ ಪಾರ್ಕಿನ ಗುಂಪುಗಳಲ್ಲಿ ಇಡೀ ಗಂಟೆ ಪ್ರಾಣಾಯಾಮ, ಚಪ್ಪಾಳೆ, ನಗುವಿನಲ್ಲೇ ಮುಗಿಯುತ್ತದೆ. ಅದರಿಂದ ಮನಸ್ಸಿಗೆ ಸಿಗುವುದು ಸಿಗಲಿ, ಮುಗಿದ ಮೇಲೆ ಹತ್ತು ಬಸ್ಕಿಯನ್ನೂ ಸೇರಿಸಿಕೊಂಡರೆ ಎಷ್ಟು ಚೆನ್ನ!

ನಡಿಗೆಗೆ ಅದರದೇ ಫಲ

ಹೃದಯ, ಸಕ್ಕರೆ, ನಿದ್ದೆ, ಮನಸ್ಸು ಇವಕ್ಕೆ ನಡಿಗೆ ಬೇಕೇ ಬೇಕು. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ ಸರಿ. ಹತ್ತು ಸಾವಿರ ಹೆಜ್ಜೆಯ ಗೀಳು ಬೇಡ, ಆ ಸಂಖ್ಯೆ ಹುಟ್ಟಿದ್ದು 1965ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ. ಸರಾಸರಿ 72 ವರ್ಷದ ಮಹಿಳೆಯರನ್ನು ಗಮನಿಸಿದ 2019ರ ಅಧ್ಯಯನದಲ್ಲಿ ದಿನಕ್ಕೆ 4400 ಹೆಜ್ಜೆಗೇ ಲಾಭ ಕಂಡಿತ್ತು, 7500ರ ಆಚೆ ಹೆಚ್ಚೇನೂ ಏರಲಿಲ್ಲ. ಸಕ್ಕರೆ ಇರುವವರು ಬೆಳಗಿನ ಮುಕ್ಕಾಲು ಗಂಟೆಯನ್ನು ಮೂರು ಪಾಲು ಮಾಡಿ, ಪ್ರತಿ ಊಟದ ನಂತರ ಹದಿನೈದು ನಿಮಿಷ ನಡೆದು ನೋಡಲಿ. ರಾತ್ರಿ ಊಟದ ಮೇಲೆ ಏರುವ ಸಕ್ಕರೆಗೆ ಇದು ಚೆನ್ನಾಗಿ ತಾಗುತ್ತದೆ. ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ದೂರ ಹೋಗಬಾರದು. ಬೆವರು, ನಡುಕ ಬಂದರೆ ತಕ್ಷಣ ಮೂರು ಚಮಚ ಸಕ್ಕರೆ. ಬೀಪಿ ಮಾತ್ರೆಯವರು ಹಾಸಿಗೆಯಿಂದ ಸಟಕ್ಕನೆ ಏಳದೆ ಒಂದು ನಿಮಿಷ ಅಂಚಿನಲ್ಲಿ ಕೂತು ಏಳಲಿ. ಎದೆ ಬಿಗಿತ, ದವಡೆಗೋ ಎಡಗೈಗೋ ಹರಿಯುವ ನೋವು ಬಂದರೆ ಅಲ್ಲೇ ನಿಂತು ಸಹಾಯ ಕೂಗಬೇಕು, "ಸುತ್ತು ಮುಗಿಸಿಬಿಡೋಣ" ಎನ್ನಬಾರದು.

ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವ ಹಿರಿಯರು ಈಗಲೂ ಇದ್ದಾರೆ, ನೋಡಿದರೆ ಕೈ ಮುಗಿಯಬೇಕು ಅನ್ನಿಸುತ್ತದೆ. ಮಂಡಿನೋವಿರುವವರು ಬೇಕಾದರೆ ಹತ್ತಲಿ, ಇಳಿಯುವುದು ಬಸ್ಸಿನಲ್ಲಾಗಲಿ. ಇಳಿಯುವಾಗಲೇ ಮಂಡಿಚಿಪ್ಪಿನ ಮೇಲೆ ಹೆಚ್ಚು ಒತ್ತಡ ಬೀಳುತ್ತದೆ. ಮಂಡಿ ಸವೆದಿದೆ ಎಂದು ಕೂತುಬಿಡುವುದಂತೂ ನೋವನ್ನು ಹೆಚ್ಚಿಸುವ ದಾರಿ, ಏಕೆಂದರೆ ಸವೆದ ಕೀಲಿಗೆ ತೊಡೆಯ ಬಲವೇ ಆಸರೆ. ವ್ಯಾಯಾಮದ ಹೊತ್ತಿನ ನೋವು ಹತ್ತಕ್ಕೆ ನಾಲ್ಕೈದರೊಳಗಿದ್ದು ಮಾರನೆಯ ಬೆಳಗ್ಗೆಗೆ ಇಳಿದಿದ್ದರೆ ಮುಂದುವರಿಸಬಹುದು. ಮಂಡಿ ಊದಿಕೊಂಡರೆ ಎಣಿಕೆ ಅರ್ಧಕ್ಕಿಳಿಸಿ.

ಕಾಳು ಯಾರ ತಟ್ಟೆಗೆ?

ಬಸ್ಸಾರು ಮಾಡಿದ ಮನೆಯಲ್ಲಿ ಊಟದ ಹೊತ್ತಿಗೆ ಗಮನಿಸಿ. ಬೇಯಿಸಿದ ಕಾಳು, ಸೊಪ್ಪು ಬಸಿದು ಪಲ್ಯಕ್ಕೆ ಹೋಗುತ್ತದೆ, ಕಟ್ಟು ಸಾರಾಗುತ್ತದೆ. ಹಲ್ಲು ಬಿದ್ದ ಅಜ್ಜಿ ಮುದ್ದೆಯನ್ನು ಸಾರಿನಲ್ಲಿ ಅದ್ದಿ ನುಂಗಿ, ಕಾಳಿನ ಪಲ್ಯವನ್ನು ಮೊಮ್ಮಕ್ಕಳ ಕಡೆ ಸರಿಸುತ್ತಾರೆ. ಪ್ರೋಟೀನಿನ ಬಹುಪಾಲು ಆ ಕಾಳಿನಲ್ಲೇ ಉಳಿದಿರುತ್ತದೆ. ವಯಸ್ಸಾದ ಮಾಂಸಖಂಡ ಬೆಳೆಯಲು ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನು ಬೇಕು. 60 ಕಿಲೋದವರಿಗೆ 60ರಿಂದ 72 ಗ್ರಾಂ. ರಾಗಿಯ 100 ಗ್ರಾಂ ಹಿಟ್ಟಿನಲ್ಲಿ ಸಿಗುವುದು 7 ಗ್ರಾಂ; ರಾಗಿ ಸುಣ್ಣಕ್ಕೆ ಒಳ್ಳೆಯದು, ಪ್ರೋಟೀನಿಗೆ ಅದೊಂದೇ ಸಾಲದು. ಒಣ ಹುರುಳಿಕಾಳು 30 ಗ್ರಾಂಗೆ ಆರೇಳು ಗ್ರಾಂ, ಒಂದು ಮೊಟ್ಟೆಗೆ 6, ಒಂದು ದೊಡ್ಡ ಲೋಟ ಹಾಲಿಗೆ ಆರೇಳು. ಕಾಳನ್ನು ಮೊಳಕೆ ಕಟ್ಟಿ, ಮೆತ್ತಗೆ ಬೇಯಿಸಿ, ಒಂದು ಹಿಡಿಯನ್ನು ಅರೆದು ಸಾರಿಗೇ ಸೇರಿಸಿದರೆ ಹಲ್ಲಿಲ್ಲದವರಿಗೂ ಸಿಗುತ್ತದೆ. ಕಿಡ್ನಿ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳದೆ ಹೆಚ್ಚಿಸಬಾರದು.

ನೆಲದಿಂದ ಏಳುವುದು

ಎಷ್ಟು ಎಚ್ಚರವಿದ್ದರೂ ಒಮ್ಮೆ ಬೀಳಬಹುದು. ಬಿದ್ದು ಪೆಟ್ಟೇನೂ ಆಗದಿದ್ದರೂ ಏಳಲಾಗದೆ, ಯಾರೂ ಇಲ್ಲದ ಮನೆಯಲ್ಲಿ ಗಂಟೆಗಟ್ಟಲೆ ನೆಲದ ಮೇಲೆ ಬಿದ್ದಿರುವುದು ಬೇರೆಯೇ ನರಕ. ಆದ್ದರಿಂದ ನೆಲದಿಂದ ಏಳುವುದನ್ನು ಬೀಳುವ ಮುಂಚೆಯೇ ಕಲಿತಿರಬೇಕು. ಚಾಪೆಯ ಪಕ್ಕ ಗೋಡೆಗೆ ಒರಗಿಸಿದ ಗಟ್ಟಿ ಕುರ್ಚಿ ಇಡಿ, ಮನೆಯವರೊಬ್ಬರು ಹತ್ತಿರ ನಿಲ್ಲಲಿ, ಕೈ ಮಾತ್ರ ಕೊಡದಿರಲಿ. ಅಂಗಾತ ಮಲಗಿದವರು ಮಂಡಿ ಮಡಿಸಿ ಪಕ್ಕಕ್ಕೆ ಹೊರಳಬೇಕು. ಮೊಣಕೈ ಊರಿ, ಆಮೇಲೆ ಅಂಗೈ ಊರಿ ಮೇಲೆದ್ದು, ಅಂಬೆಗಾಲಿಗೆ ಬರಬೇಕು. ಅಂಬೆಗಾಲಲ್ಲೇ ಕುರ್ಚಿಯ ತನಕ ಹೋಗಿ, ಎರಡೂ ಕೈಯನ್ನು ಹಲಗೆಯ ಮೇಲೆ ಊರಿ, ಬಲವಿರುವ ಕಾಲಿನ ಪಾದವನ್ನು ಮುಂದೆ ನೆಲಕ್ಕೆ ಇಡಬೇಕು. ಮೂಗು ಮುಂದಕ್ಕೆ ತಂದು, ಕೈ ಕಾಲು ಎರಡರಿಂದಲೂ ತಳ್ಳಿ ಎದ್ದು, ತಿರುಗಿ ಕುರ್ಚಿಯಲ್ಲಿ ಕೂರಬೇಕು. ಮಂಡಿ ಊರಲು ನೋವಾದರೆ ಅಡಿಗೆ ದಿಂಬು. ನಿಜವಾಗಿ ಬಿದ್ದಾಗ ಗಡಿಬಿಡಿಯಲ್ಲಿ ಏಳದೆ, ಒಂದು ನಿಮಿಷ ಹಾಗೇ ಮಲಗಿ, ತೊಡೆಸಂದಿನಲ್ಲಿ ವಿಪರೀತ ನೋವಿದೆಯೇ, ಒಂದು ಪಾದ ಹೊರಕ್ಕೆ ತಿರುಗಿದೆಯೇ ನೋಡಿ. ಇದ್ದರೆ ಅಲ್ಲಾಡದೆ 108ಕ್ಕೆ ಫೋನ್ ಮಾಡಬೇಕು. ಫೋನು ಟೇಬಲ್ಲಿನ ಮೇಲಿದ್ದರೆ ಪ್ರಯೋಜನವಿಲ್ಲ, ಜೇಬಿನಲ್ಲೋ ಸೊಂಟದ ಚೀಲದಲ್ಲೋ ಇರಲಿ.

ವಾರಕ್ಕೆರಡು ಸಲ ಇದನ್ನು ಮಾಡುವ ಮನೆಯಲ್ಲಿ ಕ್ರಮೇಣ ಕುರ್ಚಿಯ ಜಾಗಕ್ಕೆ ಮಂಚದ ಅಂಚು ಬರುತ್ತದೆ, ಆಮೇಲೆ ಗಿಡ್ಡನೆಯ ಸ್ಟೂಲು, ಆಮೇಲೆ ಮಣೆ. ಮದ್ದೂರಿನಿಂದ ಬಂದ ಆ ಅಜ್ಜಿಗೆ ಮಗನ ಮನೆಯಲ್ಲಿ ಇಷ್ಟಾದರೂ ಉಳಿಸಿಕೊಡಬಹುದಿತ್ತು: ಮಧ್ಯಾಹ್ನದ ಅವರೆಕಾಯಿ ಬುಟ್ಟಿಯನ್ನು ಸೋಫಾದ ಮುಂದೆ ಇಡದೆ, ನೆಲದ ಮೇಲೆ ಚಾಪೆ ಹಾಸಿ ಅಲ್ಲಿಡುವುದು. ಬಿಡಿಸಿ ಮುಗಿದ ಮೇಲೆ ಪಕ್ಕದಲ್ಲಿ ನಿಂತು, ಅವರಾಗಿಯೇ ಏಳುವ ತನಕ ಕಾಯುವುದು.